ನೀಲಿ ಬಂದ ದಿನ

ಹೋದ ತಿಂಗಳು ಚಿಕ್ಕೋಡಿಯಲ್ಲಿ ಮೊಮ್ಮಗಳ ಶಾಲೆಯ ವಿಜ್ಞಾನ ಪ್ರದರ್ಶನವಿತ್ತು. ಹೊಗೆ ಉಗುಳುವ ಮಣ್ಣಿನ ಗುಡ್ಡ, ಗಾಳಿಗೆ ತಿರುಗುವ ರಟ್ಟಿನ ಪಂಖ, ಎಲ್ಲವನ್ನೂ ನೋಡುತ್ತ, ಅರ್ಧ ತಿಳಿದು ಅರ್ಧ ತಿಳಿಯದೆ ತಲೆಯಾಡಿಸುತ್ತ ಹೊರಟಿದ್ದೆ. ಮೂಲೆಯ ಟೇಬಲ್ಲಿನ ಹತ್ತಿರ ಬಂದಾಗ ಸ್ಪಿರಿಟ್ ದೀಪದ ವಾಸನೆ ಮೂಗಿಗೆ ಬಡಿಯಿತು. ಎರಡು ಜಡೆಯ ಹುಡುಗಿಯೊಬ್ಬಳು ಗಾಜಿನ ನಳಿಗೆಯಲ್ಲಿ ನೀಲಿ ನೀರು ಕುದಿಸುತ್ತಿದ್ದಳು. "ಇದ್ರಾಗ ಸಕ್ಕರಿ ಇದ್ರ ಬಣ್ಣ ಬದಲಾಕ್ಕೈತ್ರಿ. ನೀಲಿ ಹಂಗಽ ಉಳದ್ರ ಏನೂ ಇಲ್ಲ, ಎಲ್ಲಾ ಚಲೋ ಐತಿ ಅಂತ ಅರ್ಥರಿ" ಎಂದು ಒಂದೇ ಉಸಿರಿನಲ್ಲಿ ಪಾಠ ಒಪ್ಪಿಸಿದಳು. ನನ್ನ ಕಾಲಿನ ಬಲ ಹೋಯಿತು. ಟೀಚರು ಓಡಿ ಬಂದು ಕುರ್ಚಿ ಹಾಕಿ, "ಅಜ್ಜಿಗೆ ಶುಗರ್ ಐತೇನು?" ಎಂದು ಮೊಮ್ಮಗಳನ್ನು ಕೇಳಿದರು. ಇದೆ, ಹನ್ನೆರಡು ವರ್ಷವಾಯಿತು. ಆದರೆ ಅವತ್ತು ಕಾಲು ಸೋತದ್ದು ನನ್ನ ಶುಗರಿನಿಂದಲ್ಲ, ನಮ್ಮ ಅತ್ತೆಯ ನೆನಪಿನಿಂದ.

ನಾನು ನಿಪ್ಪಾಣಿಯವಳು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮದುವೆಯಾಗಿ ರಾಯಬಾಗ ತಾಲೂಕಿನ ಅಲಖನೂರಿಗೆ ಬಂದೆ. ಜೈನರ ಮನೆತನ, ಕಬ್ಬಿನ ಹೊಲ, ಹೊಲದಲ್ಲೇ ಬೆಲ್ಲ ಮಾಡುವ ಸ್ವಂತ ಗಾಣ. ಮನೆಯಲ್ಲಿ ನಮ್ಮ ಯಜಮಾನರು, ಅವರ ತಾಯಿ ಪದ್ಮವ್ವ, ನಾನು, ಹೀಗೆ ಮೂರೇ ಜನ. ಮಾವನವರು ತೀರಿಕೊಂಡು ಬಹಳ ವರ್ಷವಾಗಿತ್ತು. ನಾನು ಹುಟ್ಟು ಅಂಜುಬುರುಕಿ. ನಾಯಿಗೆ ಅಂಜುತ್ತಿದ್ದೆ, ಗುಡುಗಿಗೆ ಅಂಜುತ್ತಿದ್ದೆ, ಮದುವೆಯಾದ ಮೇಲೆ ಅತ್ತೆಗೂ ಅಂಜತೊಡಗಿದೆ. ಅವರು ಬೈಯುವವರಲ್ಲ. ತಪ್ಪು ಮಾಡಿದರೆ ಕೆಲಸ ನಿಲ್ಲಿಸಿ ಸುಮ್ಮನೆ ನೋಡುತ್ತಿದ್ದರು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅತ್ತೆಯ ನಾಲಿಗೆಗೆ ಊರಲ್ಲಿ ದೊಡ್ಡ ಹೆಸರು. ಮಾತಿಗಲ್ಲ, ರುಚಿಗೆ. ಗಾಣಗಳು ಶುರುವಾದರೆ ಸಾಕು, ಜನ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿಕೊಂಡು ಬಂದು ಅವರ ಮುಂದೆ ಹಿಡಿಯುತ್ತಿದ್ದರು. ಅತ್ತೆ ಬೆರಳ ತುದಿಯಷ್ಟು ನಾಲಿಗೆಗೆ ಇಟ್ಟು ಕಣ್ಣು ಮುಚ್ಚುವರು. "ಪಾಕ ಒಂದ ಕುದಿ ಹೆಚ್ಚಾಗೇತಿ" ಎನ್ನುವರು, "ಸುಣ್ಣ ಜಾಸ್ತಿ ಬಿದ್ದೈತಿ" ಎನ್ನುವರು, ಒಮ್ಮೊಮ್ಮೆ ಕಬ್ಬು ಯಾರ ಹೊಲದ್ದೆಂದೂ ಹೇಳಿಬಿಡುವರು. ನಮ್ಮ ಹಿತ್ತಿಲ ಗೋಡೆಯಾಚೆ ಗಂಗವ್ವನ ಮನೆ. ಅವರ ಹೊಲ ಸವಳು ನೆಲ, ಬಾವಿಯ ನೀರೂ ಸವಳು, ಬೆಲ್ಲದಲ್ಲಿ ಸಣ್ಣಗೆ ಉಪ್ಪು ಹತ್ತುತ್ತಿತ್ತು. ಅತ್ತೆ ಗೋಡೆಯ ಮೇಲಿಂದಲೇ ಕಾಡಿಸುವರು: "ಗಂಗವ್ವಾ, ನಿಮ್ಮ ಮನ್ಯಾಗ ಸಾರಿಗೆ ಉಪ್ಪ ಹಾಕೂದ ಬ್ಯಾಡ ಬಿಡ. ಒಂದ ಹಳಕ ಬೆಲ್ಲಾ ಒಗದ್ರ ಸಿಹಿ, ಉಪ್ಪ ಎರಡೂ ಆತು." ಗಂಗವ್ವ ನಗುತ್ತಲೇ, "ನಿಮ್ಮ ನಾಲಿಗಿಗೆ ಒಂದ ಬೀಗ ಮಾಡಸ್ತೇನಿ ತಡೀರಿ" ಎನ್ನುತ್ತಿದ್ದಳು.

ಬೀಗ ಹಾಕಲು ಬಂದದ್ದು ಸಕ್ಕರೆ ಕಾಯಿಲೆ. ಮೊದಲು ಗುಳಿಗೆ ಕೊಟ್ಟರು, ಹತೋಟಿಗೆ ಬರಲಿಲ್ಲ. ಆ ವರ್ಷ ಯುಗಾದಿಗೆ ಮುಂಚೆ ಬೇಡಕಿಹಾಳದಲ್ಲಿದ್ದ ಅತ್ತೆಯ ಅಣ್ಣನ ಕಾಲಿಗೆ ಕಬ್ಬಿನ ಕೂಳೆ ಚುಚ್ಚಿ ಗಾಯವಾಯಿತು. ಅವರಿಗೂ ಸಕ್ಕರೆ ಇತ್ತು. ಗಾಯ ಮಾಯಲಿಲ್ಲ, ಬೆರಳು ಕಪ್ಪಾಯಿತು, ಕೊನೆಗೆ ಮೊಣಕಾಲಿನ ಕೆಳಗೆ ಕಾಲು ತೆಗೆದರು. ನಾವು ನೋಡಲು ಹೋದಾಗ ಅವರ ಹಾಸಿಗೆಯ ಮೇಲೆ ಹೊದಿಕೆ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಚಪ್ಪಟೆಯಾಗಿತ್ತು. ಅತ್ತೆ ಅದನ್ನು ನೋಡಿದರು, ನಾನು ಅತ್ತೆಯ ಪಾದ ನೋಡಿದೆ. ಆ ಅಂಜಿಕೆ ಅವತ್ತು ನನ್ನೊಳಗೆ ಹೊಕ್ಕಿತು, ಮತ್ತೆ ಹೊರಗೆ ಹೋಗಲಿಲ್ಲ.

ಜೂನಿನಲ್ಲಿ ಮಿರಗದ ಮಳೆ ಹಿಡಿದ ವಾರ ಹಾರೂಗೇರಿಯ ಡಾಕ್ಟರು ಇನ್ಸುಲಿನ್ ಶುರು ಮಾಡಿದರು. ದಿನಾ ಬೆಳಗ್ಗೆ ಒಂದು ಸೂಜಿ. ಹಳ್ಳಿಯಲ್ಲಿ ಹಾಕುವವರು ಯಾರು? ನಾನು ಚಿಕ್ಕೋಡಿಯಲ್ಲಿ ಪಿಯುಸಿಗೆ ಸಾಯನ್ಸ್ ಓದಿದವಳೆಂದು ಯಜಮಾನರು ಬಾಯಿಬಿಟ್ಟರು. ಪರೀಕ್ಷೆಯಲ್ಲಿ ಪಾಸಾಗಿರಲಿಲ್ಲ ಎಂಬುದನ್ನು ಹೇಳಲಿಲ್ಲ. ಡಾಕ್ಟರು ಅಲ್ಲೇ ಕೂರಿಸಿ ಕಲಿಸಿದರು. ಗಾಜಿನ ಸಿರಿಂಜು, ಸ್ಟೀಲಿನ ಸೂಜಿ, ಎರಡನ್ನೂ ಪಾತ್ರೆಯಲ್ಲಿ ಕುದಿಸಬೇಕು. ಶೀಷೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಬೇಕು. ಫ್ರಿಜ್ಜು ಇಲ್ಲದ ಮನೆಯಾದ್ದರಿಂದ ಶೀಷೆಯನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಒದ್ದೆ ಮರಳು ತುಂಬಿದ ಗಡಿಗೆಯಲ್ಲಿಡಬೇಕು. ಎರಡು ದಿನ ಟೊಮೆಟೊಗೆ ನೀರು ಚುಚ್ಚಿ ಅಭ್ಯಾಸ ಮಾಡಿದೆ. ಮೂರನೆಯ ದಿನ ಅತ್ತೆ ಸೆರಗು ಸರಿಸಿ ತೋಳು ಕೊಟ್ಟಾಗ ಸೂಜಿಯನ್ನು ಎರಡು ಸಲ ಹತ್ತಿರ ತಂದು ಹಿಂದೆ ತೆಗೆದೆ. "ಹಾಕವಾ ಸಾಯನ್ಸ ಸೊಸಿ, ಟೊಮೆಟೊ ಏನ್ ಅಳಲಿಲ್ಲ, ನಾನೂ ಅಳೂದಿಲ್ಲ" ಎಂದರು. ಅವರು ನನ್ನ ಕೂಡ ಚೇಷ್ಟೆ ಮಾಡಿದ್ದು ಅದೇ ಮೊದಲು.

ಸಕ್ಕರೆ ಎಷ್ಟಿದೆಯೆಂದು ನೋಡುವುದು ಈಗಿನಂತೆ ಬೆರಳು ಚುಚ್ಚಿ ಯಂತ್ರಕ್ಕೆ ತೋರಿಸುವ ಕೆಲಸವಾಗಿರಲಿಲ್ಲ. ನಳಿಗೆಯಲ್ಲಿ ಒಂದು ಚಮಚ ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹೆಚ್ಚಾದರೆ ಹಳದಿ, ಇನ್ನೂ ಹೆಚ್ಚಾದರೆ ಕಿತ್ತಳೆ, ಬಹಳವಾದರೆ ಇಟ್ಟಿಗೆಯ ಕೆಂಪು. ದಿನಕ್ಕೆ ಮೂರು ಸಲ ಹಿತ್ತಿಲ ಬಾಗಿಲಲ್ಲಿ ಕೂತು ಕುದಿಸುತ್ತಿದ್ದೆ. ನೀಲಿ ಅಲ್ಲಾಡಿ ಅಡಿಯಿಂದ ಹಸಿರು ಏಳುವುದನ್ನು ಕಂಡರೆ ಅತ್ತೆಯ ಪಾದದ ಕಡೆ ನೋಡುತ್ತಿದ್ದೆ. ಕೆಂಪು ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಬಣ್ಣಗಳನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಆ ಮಳೆಗಾಲದ ಪುಟಗಳ ತುಂಬ ಹಳದಿ, ಕಿತ್ತಳೆ, ಕೆಂಪು. ನೀಲಿ ಎಲ್ಲೋ ವಾರಕ್ಕೊಂದು.

ಮನೆಯಲ್ಲಿದ್ದ ಬೆಲ್ಲವೇ ಕಾರಣವೆಂದು ನಾನು ತೀರ್ಮಾನಿಸಿದೆ. ಅತ್ತೆ ಈಗಲೂ ಬೆಲ್ಲವನ್ನು ನಾಲಿಗೆಗೆ ಇಟ್ಟು ನೋಡುತ್ತಿದ್ದರು, ಉಗುಳುತ್ತೇನೆ ಎನ್ನುತ್ತಿದ್ದರು, ಉಗುಳಿದ್ದನ್ನು ನಾನು ಕಂಡಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ಅಟ್ಟದ ಬೆಲ್ಲದ ಪೆಂಟೆಗಳನ್ನೆಲ್ಲ ಗಾಡಿಗೆ ಹೇರಿಸಿ ಹೊಲದ ಗಾಣದ ಶೆಡ್ಡಿಗೆ ಕಳಿಸಿದೆ. ಸಕ್ಕರೆ ಡಬ್ಬಿಯನ್ನೂ ಖಾಲಿ ಮಾಡಿ ತೊಳೆದು ಬೋರಲು ಹಾಕಿದೆ. ಯಜಮಾನರಿಗೂ ಸಪ್ಪೆ ಚಹಾ. ಅವರು ಎರಡು ದಿನ ತಡೆದು, ಮೂರನೆಯ ದಿನದಿಂದ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕುಡಿದು ಬರತೊಡಗಿದರು. ಊರಿಗೇ ಬೆಲ್ಲದ ರುಚಿ ಹೇಳುವ ಮನೆಯಲ್ಲಿ ಒಂದು ಹಳಕು ಬೆಲ್ಲವಿಲ್ಲದಂತೆ ಮಾಡಿದ್ದು ನಾನೇ.

ಡಾಕ್ಟರು ಮೊದಲ ದಿನವೇ ಇನ್ನೊಂದು ಮಾತು ಹೇಳಿದ್ದರು. "ನೋಡವಾ, ಸೂಜಿ ಹಾಕಿದ ಮ್ಯಾಲ ಊಟ ತಪ್ಪಬಾರದು. ತಪ್ಪಿದ್ರ ಸಕ್ಕರಿ ಪೂರಾ ಇಳದ ಬಿಡತೈತಿ. ಬೆವರ ಬಂದು, ಕೈ ನಡುಗಿ, ಏನೇನರೆ ಮಾತಾಡಾಕತ್ರ ತಡಾ ಮಾಡಬ್ಯಾಡ, ಬೆಲ್ಲಾ ಕೊಡು. ಎಚ್ಚರ ತಪ್ಪಿದ್ರ ಕುಡಸಾಕ ಹೋಗಬ್ಯಾಡ, ಗಲ್ಲದ ಒಳಗ ತಿಕ್ಕು." ನೋಟುಬುಕ್ಕಿನ ಕೊನೆಯ ಪುಟದಲ್ಲಿ ಅದನ್ನೂ ಬರೆದುಕೊಂಡಿದ್ದೆ. ಆದರೆ ಬೇಡಕಿಹಾಳದ ಆ ಚಪ್ಪಟೆ ಹೊದಿಕೆ ಕಂಡವಳಿಗೆ ಸಕ್ಕರೆ ಇಳಿಯುವುದು ಅಪಾಯವೆಂದು ಹೇಗೆ ಅನ್ನಿಸಬೇಕು? ಬರೆದೆ, ಮುಚ್ಚಿಟ್ಟೆ, ಮರೆತೆ.

ಭಾದ್ರಪದ ಬಂತು. ನಮ್ಮವರಲ್ಲಿ ಅದು ಉಪವಾಸಗಳ ಕಾಲ. ಹತ್ತು ದಿನದ ಪರ್ವದಲ್ಲಿ ಕೆಲವರು ಒಪ್ಪತ್ತು ಉಣ್ಣುತ್ತಾರೆ, ಕೆಲವರು ಅದನ್ನೂ ಬಿಡುತ್ತಾರೆ. ಕೊನೆಯ ದಿನ ಅನಂತನ ನೋಂಪಿ. ನೋಂಪಿಯೆಂದರೆ ವ್ರತ. ಅತ್ತೆ ಹಿಡಿದಿದ್ದ ಪದ್ಧತಿಯಲ್ಲಿ ಆ ದಿನ ಬೆಳಗಿನಿಂದ ಮರುದಿನ ಬೆಳಗಿನ ತನಕ ಹನಿ ನೀರೂ ಬಾಯಿಗೆ ಹೋಗಬಾರದು. ಹೀಗೆ ಹದಿನಾಲ್ಕು ವರ್ಷ ಬಿಡದೆ ಮಾಡಿ ಉದ್ಯಾಪನೆಯೊಂದಿಗೆ ಮುಗಿಸಬೇಕು. ನಡುವೆ ಮುರಿದರೆ ಮತ್ತೆ ಒಂದರಿಂದ ಎಣಿಕೆ. ಮಾವನವರು ತೀರಿಕೊಂಡ ವರ್ಷ ಅತ್ತೆ ಹಿಡಿದ ನೋಂಪಿ ಅದು. ಹದಿಮೂರು ಮುಗಿದಿದ್ದವು.

ಪರ್ವ ಶುರುವಾಗುವ ಮುಂಚೆ ಅತ್ತೆ ಒಲೆಯ ಮುಂದೆ ಕೂತು ಕೇಳಿದರು. "ಒಂದ ದಿನ ಸೂಜಿ ಬಿಟ್ರ ಏನಾಕ್ಕೈತಿ?"

"ಕಾಲ ಹೋಗ್ತಾವ್ರಿ ಅತ್ತ್ಯಾರ" ಎಂದೆ. ಯೋಚಿಸಿ ಹೇಳಿದ್ದಲ್ಲ, ನನ್ನ ಅಂಜಿಕೆ ಹೇಳಿಸಿದ್ದು.

ಅವರು ತಮ್ಮ ಪಾದ ಸೀರೆಯೊಳಗೆ ಎಳೆದುಕೊಂಡರು. "ಆತು ಬಿಡು. ಈ ವರ್ಷ ಉಣ್ತೇನಿ. ಬಸದಿಗೆ ಹೋಗಿ ಪೂಜಿ ಅಷ್ಟ ಮಾಡಿ ಬರ್ತೇನಿ" ಎಂದರು. ಹಾರೂಗೇರಿಗೆ ಹೋಗಿ ಡಾಕ್ಟರನ್ನು ಒಂದು ಮಾತು ಕೇಳಿದ್ದರೆ ಆ ಒಂದು ದಿನಕ್ಕೆ ಏನು ಮಾಡಬೇಕೆಂದು ಅವರೇ ಹೇಳುತ್ತಿದ್ದರು. ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ನಾನು ಕೇಳಲಿಲ್ಲ. ಹದಿಮೂರು ವರ್ಷದ ಹಟ ಒಂದು ಮಾತಿಗೆ ಬಿಟ್ಟುಕೊಟ್ಟರಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ನೋಂಪಿಯ ದಿನ ಬೆಳಗ್ಗೆ ಜಿಟಿಜಿಟಿ ಮಳೆ. ಅತ್ತೆ ಮಿಂದು ಮಡಿಯುಟ್ಟು ತಾವಾಗಿಯೇ ತೋಳು ಕೊಟ್ಟರು. ನಾನು ದಿನದ ಪ್ರಮಾಣವನ್ನೇ ಎಳೆದು ಹಾಕಿದೆ. ಭಕ್ರಿ, ಹೆಸರಬೇಳೆ ಹಾಕಿದ ತಾಟು ಕೊಟ್ಟೆ. "ಎಮ್ಮಿ ನೋಡ್ಕೋತ ಅಲ್ಲೇ ಉಣ್ತೇನಿ" ಎಂದು ಹಿತ್ತಿಲ ಗೋದಲಿಯ ಕಡೆ ಹೋದರು. ತಾಟು ತೊಳೆದಂತೆ ಖಾಲಿಯಾಗಿ ಬಂತು. ಬಸದಿಗೆ ಹೋಗಿ ಬಂದರು. ಮಧ್ಯಾಹ್ನವೂ ಹಾಗೇ, ಎಮ್ಮೆಯ ಹತ್ತಿರವೇ ಊಟ, ಖಾಲಿ ತಾಟು. ಯಜಮಾನರು ಹೊಲದಲ್ಲಿ ನೀರು ನಿಂತಿದೆಯೆಂದು ಅತ್ತ ಹೋದರು.

ಮಧ್ಯಾಹ್ನದ ಪರೀಕ್ಷೆ ನೀಲಿ ಬಂತು. ನಂಬಿಕೆಯಾಗದೆ ಇನ್ನೊಂದು ಸಲ ಕುದಿಸಿದೆ. ಕುದಿದರೂ ನೀಲಿ. ಸಂಜೆ ನಾಲ್ಕಕ್ಕೆ ಮತ್ತೆ ನೋಡಿದೆ, ಅಚ್ಚ ನೀಲಿ. ಒಂದೇ ದಿನ ಎರಡು ಸಲ ನೀಲಿ! ಆ ನಳಿಗೆಯನ್ನು ತೊಳೆಯಲೂ ಮನಸ್ಸಾಗಲಿಲ್ಲ, ಗೋಡೆಯ ಗೂಡಿನಲ್ಲಿ ಬೆಳಕಿಗೆ ಕಾಣುವ ಹಾಗೆ ನಿಲ್ಲಿಸಿದೆ. ನೋಟುಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಗೋಡೆಯಾಚೆಗೆ ಕತ್ತು ಚಾಚಿ ಗಂಗವ್ವನಿಗೂ ಹೇಳಿದೆ. "ನಿನ್ನ ಕೈಗುಣ ಚಲೋ ಐತವಾ" ಎಂದಳು. ನನಗೆ ಆ ಮನೆಗೆ ಬಂದ ಮೇಲೆ ಅಷ್ಟು ಸಂತೋಷವಾದ ಸಂಜೆ ಇನ್ನೊಂದಿರಲಿಲ್ಲ.

ಹೊತ್ತು ಮುಳುಗುವ ಮುಂಚೆ ಮೂರನೆಯ ತಾಟು. ಅತ್ತೆ ಎಂದೂ ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ, ಆದ್ದರಿಂದ ಆರಕ್ಕೇ ಬಡಿಸುತ್ತಿದ್ದೆ. ಬಾಗಿಲಲ್ಲಿ ಜಪಮಣಿ ಹಿಡಿದು ಕೂತಿದ್ದರು. "ಅತ್ತ್ಯಾರ, ಏಳ್ರಿ, ಊಟಾ ಮಾಡ್ರಿ" ಎಂದೆ. ತಲೆಯೆತ್ತಿ ನೋಡಿದರು. ಅದು ಅವರ ಯಾವತ್ತಿನ ನೋಟವಲ್ಲ. "ಸುಂದ್ರವ್ವಾ, ಗಾಣದ ಒಲಿ ಆರಾಕತ್ತೈತಿ, ನೀ ಇಲ್ಲಿ ನಿಂತ ಏನ್ ಮಾಡ್ತೀಬೇ?" ಎಂದರು. ಸುಂದ್ರವ್ವ ಅವರ ತಂಗಿ, ಸತ್ತು ಹತ್ತು ವರ್ಷವಾಗಿತ್ತು. ಕುಪ್ಪಸ ಬೆವರಿಗೆ ಬೆನ್ನಿಗಂಟಿತ್ತು. ತಂಪು ಹೊತ್ತಿನಲ್ಲಿ ಹಣೆಯಿಂದ ನೀರು ಇಳಿಯುತ್ತಿತ್ತು. ಜಪಮಣಿ ಕೈಯಿಂದ ಜಾರಿತು. ಎತ್ತಿಕೊಡಲು ಬಗ್ಗಿದೆ, ಅಷ್ಟರಲ್ಲಿ ಅವರೇ ನನ್ನ ಮೇಲೆ ಒರಗಿದರು.

ಈ ಮಾತನ್ನು ನಾನು ಯಾರಿಗೂ ಹೇಳಿಲ್ಲ. ನನಗೆ ಮೊದಲು ತೋಚಿದ್ದು ಸಕ್ಕರೆ ಏರಿದೆ ಎಂದು. ಅವರನ್ನು ಚಾಪೆಯ ಮೇಲೆ ಮಲಗಿಸಿ, ಓಡಿಹೋಗಿ ಸ್ಟೋವ್ ಹಚ್ಚಿ, ಪಾತ್ರೆಯಲ್ಲಿ ನೀರಿಟ್ಟು ಸಿರಿಂಜು ಹಾಕಿದೆ. ಇನ್ನೊಂದು ಸೂಜಿ ಹಾಕಲು. ಮರಳಿನ ಗಡಿಗೆಯಿಂದ ಶೀಷೆಯನ್ನೂ ತೆಗೆದೆ, ಅಂಗೈಯಲ್ಲಿ ಹೊರಳಿಸತೊಡಗಿದೆ. ನೀರು ಇನ್ನೂ ಕುದಿಯುತ್ತಿರಲಿಲ್ಲ. ಆ ಸ್ಟೋವಿನ ತೂತಿಗೆ ಮಸಿ ಕಟ್ಟಿಕೊಂಡು ಉರಿ ಸಣ್ಣದಾಗಿತ್ತು. ಉರಿ ಚೆನ್ನಾಗಿದ್ದಿದ್ದರೆ ಎಂದು ಈಗಲೂ ನೆನೆಸಿಕೊಂಡು ಎಷ್ಟೋ ಸಲ ಮೈ ಬೆವತಿದ್ದೇನೆ.

ಕಾಯುತ್ತ ತಲೆಯೆತ್ತಿದಾಗ ಗೂಡಿನಲ್ಲಿ ನಳಿಗೆ ಕಂಡಿತು. ನೀಲಿ. ಸಕ್ಕರೆ ಏರಿದ್ದರೆ ನಾಲ್ಕು ಗಂಟೆಗೆ ನೀಲಿ ಯಾಕೆ ಬರಬೇಕಿತ್ತು? ಮಧ್ಯಾಹ್ನ ಯಾಕೆ? ಸಕ್ಕರೆ ಸರಿಯಿದ್ದರೂ ನೀಲಿ, ಪಾತಾಳಕ್ಕೆ ಇಳಿದರೂ ನೀಲಿಯೇ. ಕೊನೆಯ ಪುಟ ನೆನಪಾಯಿತು. ಬೆವರು, ಕೈ ನಡುಕ, ಏನೇನೋ ಮಾತು. ನಾನು ಎರಡು ತಾಸು ಗೂಡಿನಲ್ಲಿಟ್ಟು ನೋಡಿ ಸಂತೋಷಪಟ್ಟದ್ದು ಏನನ್ನು ಎಂಬುದು ತಿಳಿಯಿತು. ಶೀಷೆ ಕೈಯಿಂದ ಬಿತ್ತು, ಒಡೆಯಲಿಲ್ಲ.

ಬೆಲ್ಲ! ಮನೆಯಲ್ಲಿ ಬೆಲ್ಲವಿಲ್ಲ. ಬೋರಲು ಬಿದ್ದ ಸಕ್ಕರೆ ಡಬ್ಬಿಯನ್ನು ಎತ್ತಿ ಮೂಸಿ ನೋಡಿದೆ, ಅಷ್ಟು ದಿಕ್ಕುಗೆಟ್ಟಿದ್ದೆ. ಗಾಣದ ಶೆಡ್ಡು ಒಂದು ಮೈಲು. ಹಿತ್ತಿಲಿಗೆ ಓಡಿದೆ. ಗೋದಲಿಯ ಪಕ್ಕದಲ್ಲಿ ಹಾಯುವಾಗ ಕಂಡೆ, ಹುಲ್ಲಿನ ಕೆಳಗೆ ಭಕ್ರಿಯ ತುಂಡುಗಳು, ಬೇಳೆ ಮೆತ್ತಿಕೊಂಡ ಹುಲ್ಲು, ಅದನ್ನು ಕುಕ್ಕುತ್ತಿದ್ದ ಎರಡು ಗುಬ್ಬಿ. ಅತ್ತೆ ಬೆಳಗಿನಿಂದ ಒಂದು ತುತ್ತೂ ಉಂಡಿರಲಿಲ್ಲ. ಉಪವಾಸ ನನಗೆ ಗೊತ್ತಾಗಬಾರದೆಂದು ತೋಳು ಕೊಟ್ಟು ಸೂಜಿ ಹಾಕಿಸಿಕೊಂಡಿದ್ದರು.

"ಗಂಗವ್ವಾ, ಬೆಲ್ಲಾ ಕೊಡ್ರಿ, ಬೆಲ್ಲಾ!" ಎಂದು ಗೋಡೆಯ ಮೇಲೆ ಬಿದ್ದು ಕಿರುಚಿದೆ.

ಗಂಗವ್ವ ದೀಪ ಹಚ್ಚುತ್ತಿದ್ದವಳು ಹೊರಗೆ ಬಂದಳು. ಬಿಕ್ಕುತ್ತ ಹೇಳಿದೆ. ಅವಳು ಒಳಗೆ ಹೋಗಿ ಒಂದು ತುಂಡು ಬೆಲ್ಲ ತಂದಳು, ಆದರೆ ಕೊಡುವ ಮುಂಚೆ ಕೈ ಹಿಂದೆ ತೆಗೆದುಕೊಂಡಳು. "ತಂಗೀ, ಪದ್ಮವ್ವನ ನೋಂಪಿ ಇದು. ಹದಿನಾಕನೇದು. ಹೊತ್ತೂ ಮುಳಗೇತಿ. ಈಗ ಆಕಿ ಬಾಯಾಗ ಇಟ್ರ ಆ ಪಾಪ ನಿಂಗ ಹತ್ತತೈತವಾ."

"ಹತ್ತಲಿ, ಕೊಡ್ರಿ!" ಎಂದು ಕಸಿದುಕೊಂಡೆ. ಹಿರಿಯರ ಕೈಯಿಂದ ನಾನು ಏನನ್ನಾದರೂ ಕಸಿದುಕೊಂಡದ್ದು ಅದೊಂದೇ ಸಲ.

ಕಲ್ಲಿನಿಂದ ಕುಟ್ಟಿ ಪುಡಿ ಮಾಡಿ, ಬೆರಳಿಗೆ ಎರಡು ಹನಿ ನೀರು ಹಚ್ಚಿಕೊಂಡು, ಅತ್ತೆಯ ತುಟಿ ಸರಿಸಿದೆ. ಹಲ್ಲು ಬಿಗಿದಿದ್ದವು. ಗಲ್ಲ ಮತ್ತು ಹಲ್ಲಿನ ನಡುವೆ ಬೆರಳು ಹಾಕಿ ತಿಕ್ಕಿದೆ. ಅರ್ಧ ಬೆಲ್ಲ ಚಾಪೆಯ ಮೇಲೆ ಬಿತ್ತು. ಅವರು ಸತ್ತರೆ ನಾನು ಕೊಂದಂತೆ, ಬದುಕಿದರೆ ಅವರ ನೋಂಪಿ ಕೊಂದಂತೆ, ಎರಡೂ ನನ್ನ ಬೆರಳಿನಿಂದಲೇ. ಗಂಗವ್ವ ಗೋಡೆ ಬಳಸಿ ಓಡಿಬಂದು ಅತ್ತೆಯ ತಲೆಯನ್ನು ಒಂದು ಮಗ್ಗುಲಿಗೆ ಹಿಡಿದು ಕೂತಳು. ತಿಕ್ಕಿದೆ, ಕಾದೆ, ಮತ್ತೆ ತಿಕ್ಕಿದೆ. ಒಳಗೆ ಪಾತ್ರೆಯಲ್ಲಿ ಸಿರಿಂಜು ಈಗ ಕುದಿಯುತ್ತ ಟಣಟಣ ಬಡಿಯುತ್ತಿತ್ತು. ಆ ಸದ್ದು ನಿಲ್ಲಿಸಲು ಎದ್ದು ಹೋಗುವ ಧೈರ್ಯ ನನಗಾಗಲಿಲ್ಲ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಮೊದಲು ಅವರ ನಾಲಿಗೆ ಅಲುಗಿತು. ನನ್ನ ಬೆರಳಿಗೆ ತಗುಲಿತು. ಆಮೇಲೆ ನುಂಗಿದರು. ಗಂಗವ್ವ ಅತ್ತಳು, ನನಗೆ ಅಳುವೂ ಬರಲಿಲ್ಲ. ಯಜಮಾನರು ಬಂದ ಮೇಲೆ ಯಾರದೋ ಜೀಪು ಹಿಡಿದು ಹಾರೂಗೇರಿಗೆ ಕರೆದೊಯ್ದೆವು. ಡಾಕ್ಟರು ಗ್ಲೂಕೋಸು ಹಚ್ಚಿ, ಎಲ್ಲ ಕೇಳಿ, ನನ್ನ ಕಡೆ ತಿರುಗಿ, "ಬೆಲ್ಲಾ ಹಚ್ಚಿದ್ದು ಚಲೋ ಆತು" ಎಂದಷ್ಟೇ ಹೇಳಿದರು. ಸ್ಟೋವಿನ ಮೇಲೆ ಸಿರಿಂಜು ಇಟ್ಟಿದ್ದನ್ನು ಅವರಿಗೂ ಹೇಳಲಿಲ್ಲ.

ಬೆಳಗಾಗುತ್ತಲೇ ಅತ್ತೆ ಕಣ್ಣು ಬಿಟ್ಟು ನೆಟ್ಟಗೆ ನನ್ನನ್ನೇ ನೋಡಿದರು. ಈಗ ಅದು ಅವರ ಹಳೆಯ ನೋಟವೇ.

"ನನ್ನ ಬಾಯಾಗ ಏನರೆ ಹೋತೇನ?"

"ಇಲ್ರಿ ಅತ್ತ್ಯಾರ" ಎಂದೆ. "ಡಾಕ್ಟರು ಕೈಗೆ ಸಲಾಯಿನ್ ಹಚ್ಯಾರ, ಅಷ್ಟರಿ. ಬಾಯಾಗ ಏನೂ ಇಲ್ಲ."

ಅವರು ನಾಲಿಗೆಯಿಂದ ತುಟಿಯನ್ನು ಮೆಲ್ಲಗೆ ಸವರಿಕೊಂಡರು. ಕಣ್ಣು ಮುಚ್ಚಿದರು. ಸುಳ್ಳು ದಕ್ಕಿತು ಎಂದುಕೊಂಡು ಉಸಿರು ಬಿಟ್ಟೆ.

ಹತ್ತರ ಹೊತ್ತಿಗೆ ಮನೆಗೆ ಬಂದೆವು. ಬಸದಿಯ ಹೆಂಗಸರು ಆರೇಳು ಜನ ಬಾಗಿಲಲ್ಲೇ ಕಾಯುತ್ತಿದ್ದರು.  ಅತ್ತೆ ಊಟ ಬಿಟ್ಟೇ ಇದ್ದರೆಂದು ಅವರಿಗೆಲ್ಲ ಮೊದಲೇ ಗೊತ್ತಿತ್ತು, ಗೊತ್ತಿಲ್ಲದವಳು ನಾನೊಬ್ಬಳೇ. ಹಿರಿಯಳೊಬ್ಬಳು, "ಜೀವಕ್ಕ ಬಂದಿದ್ದು ಹೋತು, ಪುಣ್ಯಾ ದೊಡ್ಡದು. ಹದಿನಾಕೂ ಪಾರಾದುವಲ್ಲ? ಉದ್ಯಾಪನಿ ಯಾವಾಗ ಇಟಗೊಳ್ಳೂನು?" ಎಂದಳು. ಹಿತ್ತಿಲ ಬಾಗಿಲಿನಿಂದ ಗೋಡೆಯಾಚೆ ಗಂಗವ್ವ ನಿಂತದ್ದು ಕಾಣುತ್ತಿತ್ತು. ನಾನು ಒಳಗೆ ಕಂಬದ ಮರೆಗೆ ಸರಿದೆ. ಒಂದು ಮಾತು ಹೊರಬಿದ್ದರೆ ಹದಿನಾಲ್ಕನೆಯ ನೋಂಪಿ ಮುರಿದ ಸೊಸೆ ಎಂಬ ಹೆಸರು ಸಾಯುವ ತನಕ ನನ್ನ ಬೆನ್ನಿಗೆ ಅಂಟುತ್ತಿತ್ತು.

"ಇಲ್ಲವಾ, ಮುರೀತು" ಎಂದರು ಅತ್ತೆ. "ಹಸಿವಿ ತಡಿಯಾಕ ಆಗಲಿಲ್ಲ. ನಾನಽ ಗಂಗವ್ವನ ಮನಿಯಿಂದ ಬೆಲ್ಲಾ ತರಿಸಿ ತಿಂದೆ. ಸೊಸಿ ಬ್ಯಾಡಂತ ಕಾಲ ಬಿದ್ಲು. ನಾ ಕೇಳಲಿಲ್ಲ."

ಒಬ್ಬಳು ಲೊಚಗುಟ್ಟಿದಳು. ಇನ್ನೊಬ್ಬಳು ಸೆರಗು ಬಾಯಿಗೆ ಹಿಡಿದಳು. ಹೊಟ್ಟೆಗೆ ಸೋತು ಹದಿನಾಲ್ಕನೆಯ ವರ್ಷ ಬೆಲ್ಲ ತಿಂದವಳು ಎಂದು ಅವರ ಬಗ್ಗೆ ಊರು ಬಹಳ ದಿನ ಮಾತಾಡಿಕೊಂಡಿತು. ಬಸದಿಯಲ್ಲಿ ಪೂಜೆಯ ತಟ್ಟೆ ಮುಟ್ಟುವಾಗ ಕೆಲವರು ಅವರನ್ನು ಹಿಂದಕ್ಕೆ ನಿಲ್ಲಿಸಿದ್ದನ್ನು ನಾನೇ ಕಂಡಿದ್ದೇನೆ. ಅತ್ತೆ ಒಮ್ಮೆಯೂ ತಿರುಗಿ ಹೇಳಲಿಲ್ಲ.

ಹೆಂಗಸರು ಹೋದ ಮೇಲೆ ಅವರ ಕಾಲ ಹತ್ತಿರ ಕುಸಿದು ಕೂತೆ. "ಯಾಕ ಹಂಗಂದ್ರಿ? ನಿಮಗ ಹೆಂಗ ಗೊತ್ತಾತ್ರಿ?" ಎಂದೆ.

"ನಾಲಿಗಿಗೆ ಉಪ್ಪ ಹತ್ತಿತು" ಎಂದರು. "ಸಾಯೂ ಹೊತ್ತಿನ್ಯಾಗ ಗಂಗವ್ವನ ಬೆಲ್ಲಾನಽ ಸಿಕ್ಕಿತೇನ ನಿಂಗ? ನಾಳೆ ಗಾಣದಿಂದ ನಮ್ಮ ಪೆಂಟಿ ತರಿಸಿ ಮನ್ಯಾಗ ಇಡು. ಇನ್ನೊಮ್ಮಿ ಹಂಗಾದ್ರ ನಮ್ಮದಽ ಹಾಕು." ಆಮೇಲೆ ನನ್ನ ಬಲಗೈ ಎಳೆದುಕೊಂಡು ತೋರುಬೆರಳನ್ನು ನೋಡಿದರು. ಅವರ ಹಲ್ಲು ತಾಗಿ ಉಗುರಿನ ಬುಡ ಕೆಂಪಾಗಿತ್ತು. ಅದನ್ನು ಅವರು ಹಿಡಿದುಕೊಂಡೇ ಕೂತರು. ಆಗ ನನಗೆ ಅಳು ಬಂತು, ಸ್ಟೋವು, ಕುದಿಯುವ ಸಿರಿಂಜು, ಎಲ್ಲವನ್ನೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. "ಸಾಕು" ಎಂದರು. ಅವರಿಗೆ ಎಷ್ಟು ಗೊತ್ತಿತ್ತೋ ನನಗೆ ಇಂದಿಗೂ ತಿಳಿಯದು.

ಮರುವರ್ಷ ಭಾದ್ರಪದದಲ್ಲಿ ಅತ್ತೆ ಅನಂತನ ನೋಂಪಿಯನ್ನು ಮತ್ತೆ ಒಂದರಿಂದ ಹಿಡಿದರು. ಈ ಸಲ ನಾನು ಮೊದಲೇ ಹಾರೂಗೇರಿಗೆ ಹೋಗಿ ಕೇಳಿ ಬಂದಿದ್ದೆ, ಡಾಕ್ಟರು ಉಪವಾಸ ಬೇಡವೆಂದಿದ್ದರು. ಅತ್ತೆ ಅದಕ್ಕೆ ಒಪ್ಪಿದರು, ಊಟದ ಬದಲು ಮಾತು ಬಿಟ್ಟರು. ಇಡೀ ದಿನ ಮೌನ. ಬೆಳಗ್ಗೆ ತೋಳು ಕೊಟ್ಟು ಸೂಜಿ ಹಾಕಿಸಿಕೊಂಡು, ಎಮ್ಮೆಯ ಕಡೆ ಹೋಗದೆ, ನನ್ನ ಎದುರಿಗೇ ತಾಟು ಇಟ್ಟುಕೊಂಡು ಕೂತರು. ಒಂದು ತುತ್ತು ನುಂಗಿ ನನ್ನ ಕಡೆ ತಿರುಗಿ ಬಾಯಿ ಅಗಲಿಸಿ ತೋರಿಸಿದರು. ನಾನು ಗಾಬರಿಯಾದೆ, ಆಮೇಲೆ ತಿಳಿಯಿತು, ನುಂಗಿದ್ದೇನೆ ನೋಡು ಎನ್ನುತ್ತಿದ್ದಾರೆ. ಪ್ರತಿ ತುತ್ತಿಗೂ ಹಾಗೇ. ಹಾಗೆ ಒಂಬತ್ತು ವರ್ಷ ನಡೆಯಿತು. ಹತ್ತನೆಯ ಭಾದ್ರಪದಕ್ಕೆ ಅವರು ಇರಲಿಲ್ಲ. ಎರಡೂ ಕಾಲು ಇಟ್ಟುಕೊಂಡೇ ಹೋದರು.

ಶಾಲೆಯಲ್ಲಿ ಆ ಹುಡುಗಿಯ ನಳಿಗೆ ನೀಲಿಯಾಗಿಯೇ ಉಳಿಯಿತು. ಅವಳು ಚಪ್ಪಾಳೆ ನಿರೀಕ್ಷಿಸಿ ನನ್ನನ್ನು ನೋಡಿದಳು. ಮೊಮ್ಮಗಳು ನನ್ನ ಚೀಲದಿಂದ ಬೆಲ್ಲದ ಹಳಕು ತೆಗೆದು ಕೈಗಿಟ್ಟಳು, "ಮೊದಲ ತಿನ್ನಬೇ ಅಜ್ಜಿ" ಎಂದು ಗದರಿಸಿದಳು. ಬಾಯಿಗೆ ಹಾಕಿಕೊಂಡು ನುಂಗಿದೆ. ಮೊಮ್ಮಗಳು ಇನ್ನೂ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಅಷ್ಟು ಜನರ ನಡುವೆ ಅವಳ ಕಡೆ ತಿರುಗಿ, ಬಾಯಿ ಅಗಲಿಸಿ ತೋರಿಸಿದೆ.